ಗಂಧದ ಬೊಡ್ಡೆ

ಹಿತ್ತಿಲಿನ ಮರವೊಂದು ಮುಪ್ಪಿನಿಂದಲೋ ಬಿರುಗಾಳಿಯ ಹೊಡೆತದಿಂದಲೋ ಗೃಹಸ್ಥನ ಅವಶ್ಯಕತೆಯಿಂದಲೋ ಉರುಳಿದ ಮೇಲೆ, ಅದರ ಕಾಂಡವು ತೊಲೆಯಾಗಿ, ಕೊಂಬೆಗಳು ಸೌದೆಯಾಗಿ, ಸೊಪ್ಪು ಗೊಬ್ಬರವಾಗಿ ವಿನಿಯೋಗ ಹೊಂದಿದರೂ, ನೆಲದಲ್ಲಿ ಉಳಿದ ಬೊಡ್ಡೆಯೊಂದು ಮಾತ್ರ ಯಾರಿಗೂ ಬೇಡದ ವಸ್ತುವಾಗಿ ನಿಂತುಬಿಡುವುದು ಎಲ್ಲ ಸೀಮೆಗಳಲ್ಲಿಯೂ ಕಾಣತಕ್ಕ ಸಂಗತಿ. ಅದನ್ನು ಅಗೆದು ತೆಗೆಯುವುದಕ್ಕೆ ತಗಲುವ ಕೂಲಿಯು ಅದರಿಂದ ದೊರೆಯುವ ಸೌದೆಯ ಬೆಲೆಯನ್ನು ಮೀರುತ್ತದೆ. ಹಾಗೆಯೇ ಬಿಟ್ಟರೆ ಗುದ್ದಲಿಗೂ ನೇಗಿಲಿಗೂ ಅಡ್ಡ, ಗೆದ್ದಲಿಗೆ ನೆಲೆ. ಆದುದರಿಂದ ನಮ್ಮ ಹಿರಿಯರು ಹುಣಿಸೆಯ ಬೊಡ್ಡೆಯ ಸುತ್ತ ಒಣಸೊಪ್ಪನ್ನೂ ಕಸಕಡ್ಡಿಯನ್ನೂ ಒಟ್ಟಿ ಬೆಂಕಿಯಿಟ್ಟು ದಿನಗಟ್ಟಲೆ ಒಳಗೊಳಗೇ ಬೇಯಲು ಬಿಡುತ್ತಿದ್ದರು. ಮಾವು ಹಲಸುಗಳ ಬುಡವನ್ನು ಬಿಡಿಸಿ, ಬೇರುಗಳನ್ನು ಒಂದೊಂದಾಗಿ ಕಡಿದು, ಹಾರೆಯಿಂದ ಮೀಟಿ, ಎತ್ತುಗಳಿಂದ ಎಳೆಸುತ್ತಿದ್ದರು. ಅದೂ ಕೈಗೂಡದಿದ್ದಲ್ಲಿ ಮಳೆಗೂ ಹುಳುವಿಗೂ ಒಪ್ಪಿಸಿ, ಪ್ರಕೃತಿಯು ತನ್ನ ಸಾವಧಾನದಲ್ಲಿ ಅದನ್ನು ಮಣ್ಣಾಗಿಸುವವರೆಗೆ ಸಹನೆಯಿಂದ ಕಾಯುತ್ತಿದ್ದರು.

ಈ ಸಾಮಾನ್ಯ ನಿಯಮಕ್ಕೆ ನಮ್ಮ ನಾಡಿನ ಒಂದು ವೃಕ್ಷವು ಸಂಪೂರ್ಣವಾಗಿ ಹೊರತಾದುದು. ಮೈಸೂರು ಸೀಮೆಯಲ್ಲಿ ಶ್ರೀಗಂಧದ ಮರವನ್ನು ಕಡಿಯುವ ಪದ್ಧತಿ ಇಲ್ಲ, ಅದನ್ನು ಕೀಳುತ್ತಾರೆ. ಇತರ ಮರಗಳಲ್ಲಿ ಕಟ್ಟಕಡೆಗೆ ನೆನಪಿಗೆ ಬರುವ ಬೊಡ್ಡೆಯು ಇಲ್ಲಿ ಎಲ್ಲಕ್ಕಿಂತ ಮೊದಲು ನೆನಪಿಗೆ ಬರತಕ್ಕದ್ದು. ಅದರ ಸಲುವಾಗಿ ಕಾನೂನುಗಳಾದುವು, ಕಾವಲುಗಳಾದುವು, ತೂಕದ ತಕ್ಕಡಿಗಳೂ ದಾಸ್ತಾನಿನ ಕೋಠಿಗಳೂ ಲೆಕ್ಕದ ಪುಸ್ತಕಗಳೂ ಹುಟ್ಟಿಕೊಂಡುವು. ಬಡವನ ಹಿತ್ತಿಲಿನಲ್ಲಿ ತಾನಾಗಿ ಮೊಳೆತ ಸಸಿಯೊಂದು ಅರಮನೆಯ ಸೊತ್ತಾಯಿತು. ನೆಲದೊಳಗಿನ ಒಂದು ಬುಡವು ಇಷ್ಟೊಂದು ಆಡಳಿತವನ್ನು ತನ್ನ ಸುತ್ತ ಕಟ್ಟಿಸಿಕೊಂಡ ಉದಾಹರಣೆ ಬೇರೆ ಯಾವ ನಾಡಿನ ಚರಿತ್ರೆಯಲ್ಲಿಯಾದರೂ ಇದ್ದರೆ ಅದು ಅತಿ ವಿರಳವೇ ಸರಿ.

ಇದಕ್ಕೆ ಕಾರಣವು ಮರದ ಶರೀರರಚನೆಯಲ್ಲಿಯೇ ಇದೆ. ಗಂಧದ ಪರಿಮಳವು ಅದರ ಎಲೆಯಲ್ಲಿಲ್ಲ, ಹೂವಿನಲ್ಲಿಲ್ಲ, ತೊಗಟೆಯಲ್ಲಿಲ್ಲ, ತೊಗಟೆಯ ಒಳಗಣ ಬಿಳಿಯ ಮರದಲ್ಲಿಯೂ ಇಲ್ಲ. ಎಲ್ಲಕ್ಕೂ ಒಳಗಿರುವ ಕಂದುಬಣ್ಣದ ಚೇಗಿನಲ್ಲಿ ಮಾತ್ರವೇ ಇದೆ. ಆ ಚೇಗು ಕಟ್ಟಲು ತೊಡಗುವುದು ಮರಕ್ಕೆ ಹತ್ತು ಹದಿನೈದು ವರ್ಷಗಳು ತುಂಬಿದ ಮೇಲೆ. ಅದು ಹದವಾಗಿ ಬಲಿಯುವುದಕ್ಕೆ ಮೂವತ್ತರಿಂದ ಅರುವತ್ತು ವರ್ಷಗಳು ಬೇಕು. ಆ ಚೇಗಿನಲ್ಲಿಯೂ ತೈಲವು ಎಲ್ಲೆಡೆ ಸಮನಾಗಿ ಹಂಚಿಲ್ಲ. ಕೊಂಬೆಗಳ ಕಡೆಗೆ ಹೋದಂತೆ ಅದು ಕ್ಷೀಣಿಸುತ್ತದೆ, ಬುಡದ ಕಡೆಗೆ ಇಳಿದಂತೆ ವೃದ್ಧಿಸುತ್ತದೆ, ಬೇರಿನಲ್ಲಿ ಪರಾಕಾಷ್ಠೆಯನ್ನು ಮುಟ್ಟುತ್ತದೆ. ಬಿಳಿಮರವೂ ಚೇಗೂ ಬೆರೆತ ಚಕ್ಕೆಗಳಲ್ಲಿ ನೂರಕ್ಕೆ ಒಂದೂವರೆ ಎರಡು ಪಾಲು ತೈಲ ದೊರೆತರೆ, ಉತ್ತಮವಾದ ಬೇರಿನಲ್ಲಿ ಹತ್ತು ಪಾಲಿನವರೆಗೆ ದೊರೆಯುವುದುಂಟು. ಹೀಗಿರುವಾಗ ನೆಲಮಟ್ಟದಲ್ಲಿ ಗರಗಸವಿಟ್ಟು ಮರವನ್ನು ಕೆಡಹುವವನು ಅದರ ಅತ್ಯುತ್ತಮ ಭಾಗವನ್ನೇ ಮಣ್ಣಿನಲ್ಲಿ ಬಿಟ್ಟು ಹೋದಂತಾಗುತ್ತದೆ.

ಈ ಬೇರಿನ ಮತ್ತೊಂದು ವೈಚಿತ್ರ್ಯವನ್ನೂ ಇಲ್ಲಿಯೇ ಹೇಳಬೇಕು. ಗಂಧವು ಸ್ವತಂತ್ರಜೀವಿಯಲ್ಲ. ಹಸುರೆಲೆಗಳಿಂದ ತನ್ನ ಅನ್ನವನ್ನು ತಾನು ಅಟ್ಟುಕೊಳ್ಳಬಲ್ಲುದಾದರೂ, ನೀರು ಲವಣಗಳ ಬಹುಭಾಗಕ್ಕೆ ಅದು ನೆರೆಯ ಗಿಡಗಳನ್ನು ಆಶ್ರಯಿಸುತ್ತದೆ. ಅದರ ಬೇರುಗಳು ಮಣ್ಣಿನೊಳಗೆ ಹುಡುಕುತ್ತ ಸಾಗಿ, ಹೊಂಗೆಯದೋ ಬಿದಿರಿನದೋ ಲಂಟಾನದ್ದೋ ಬೇರನ್ನು ಮುಟ್ಟಿದಲ್ಲಿ ಸಣ್ಣ ಗುಂಡಿಯಂತಹ ಹೀರುಬೇರನ್ನು ಅಂಟಿಸಿ ರಸವನ್ನು ಸೆಳೆದುಕೊಳ್ಳುತ್ತವೆ. ಈ ಗುಟ್ಟನ್ನು 1871ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದಲ್ಲಿದ್ದ ಜಾನ್ ಸ್ಕಾಟ್ ಎಂಬ ವಿದ್ವಾಂಸನು ಬೆಳಕಿಗೆ ತಂದನು. ಬೇಲಿಯ ಪೊದೆಗಳ ನಡುವೆ, ಮುಳ್ಳುಕಂಟಿಗಳ ಮಧ್ಯೆ, ಹಕ್ಕಿಗಳು ಹಣ್ಣನ್ನು ತಿಂದು ಉದುರಿಸಿದ ಬೀಜದಿಂದ ಮೊಳೆತ ಗಂಧವು ಸೊಂಪಾಗಿ ಬೆಳೆಯುವುದೂ, ಸ್ವಚ್ಛಗೊಳಿಸಿದ ತೋಟದಲ್ಲಿ ಒಂಟಿಯಾಗಿ ನೆಟ್ಟ ಸಸಿ ಕೃಶವಾಗಿ ಸಾಯುವುದೂ ಈ ಕಾರಣದಿಂದಲೇ. ಒಂದು ಗಂಧದ ಬೊಡ್ಡೆಯನ್ನು ಅಗೆಯುವವನು ಸುತ್ತಮುತ್ತಲಿನ ಗಿಡಗಳ ಬೇರುಗಳ ಒಂದು ಜಾಲವನ್ನೇ ಬಿಡಿಸುತ್ತಿರುತ್ತಾನೆಂಬುದನ್ನು ಮರೆಯಬಾರದು.

ಚಂದನದ ವ್ಯಾಪಾರವು ಈ ದೇಶದಲ್ಲಿ ಅತಿ ಪುರಾತನವಾದುದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜಕೋಶಕ್ಕೆ ಸಲ್ಲತಕ್ಕ ಅಮೂಲ್ಯ ವಸ್ತುಗಳ ಸಾಲಿನಲ್ಲಿ ಮುತ್ತು ರತ್ನಗಳ ಜೊತೆಗೆ ಚಂದನದ ನಾನಾ ಜಾತಿಗಳನ್ನು ಬಣ್ಣ ವಾಸನೆಗಳ ಭೇದಸಹಿತವಾಗಿ ವರ್ಣಿಸಿದೆ. ಆದರೆ ಮರದ ಮೇಲೆಯೇ ರಾಜ್ಯವು ಪೂರ್ಣ ಸ್ವಾಮ್ಯವನ್ನು ಸ್ಥಾಪಿಸಿ, ಅದರ ಹೊರತೆಗೆಯುವಿಕೆಯನ್ನು ತನ್ನ ಕೈಯಲ್ಲಿಯೇ ಇಟ್ಟುಕೊಂಡ ಕಥೆಯು ಮೈಸೂರಿನಲ್ಲಿ ಹದಿನೆಂಟನೆಯ ಶತಮಾನದ ಕೊನೆಗೆ ಸ್ಪಷ್ಟವಾದ ರೂಪವನ್ನು ತಳೆಯುತ್ತದೆ. 1792ರಲ್ಲಿ ಟಿಪ್ಪು ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಘೋಷಿಸಿದನು. ಮೆಣಸು ಏಲಕ್ಕಿಗಳಂತೆ ಗಂಧವೂ ಅವನ ಸರಕಾರವು ತಾನೇ ನಡೆಸುತ್ತಿದ್ದ ವ್ಯಾಪಾರದ ಸರಕಾಗಿದ್ದಿತು; ಸಮುದ್ರದಾಚೆಯ ಮಸ್ಕತ್ತಿನಲ್ಲಿ ಅವನ ವ್ಯಾಪಾರದ ಕೋಠಿಯಿದ್ದಿತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದು ರಾಜ್ಯವು ಒಡೆಯರ ವಂಶಕ್ಕೆ ಮರಳಿದರೂ, ಆಮೇಲೆ 1831ರಿಂದ ಐವತ್ತು ವರ್ಷಗಳ ಕಾಲ ಬ್ರಿಟಿಷ್ ಕಮಿಷನರರ ಆಡಳಿತವು ನಡೆದರೂ, 1881ರಲ್ಲಿ ರಾಜ್ಯವು ಪುನಃ ಮಹಾರಾಜರ ಕೈಸೇರಿದರೂ, ಈ ಒಂದು ವಿಷಯದಲ್ಲಿ ಹಿಂದಿನವರ ನೀತಿಯನ್ನು ಮುಂದಿನವರು ಬಿಡಲಿಲ್ಲ. ಸಿಂಹಾಸನದ ಮೇಲೆ ಯಾರು ಕುಳಿತರೂ ಗಂಧದ ಮರವು ಸಿಂಹಾಸನದ್ದಾಗಿಯೇ ಉಳಿಯಿತು.

ಆ ಸಂಧಿಕಾಲದ ಪದ್ಧತಿಯ ಸ್ವರೂಪವನ್ನು ತಿಳಿಯುವುದಕ್ಕೆ ಫ್ರಾನ್ಸಿಸ್ ಬುಕಾನನ್ನನ ಪ್ರವಾಸಗ್ರಂಥವು ನಮಗೆ ನೆರವಾಗುತ್ತದೆ. 1800 ಮತ್ತು 1801ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ ಬಂದ ಈ ವೈದ್ಯನು, 1807ರಲ್ಲಿ ಪ್ರಕಟವಾದ ತನ್ನ ಮೂರು ಸಂಪುಟಗಳಲ್ಲಿ ಗಂಧವನ್ನು ಸಿದ್ಧಪಡಿಸುವ ಕ್ರಮವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಕೃಷ್ಣಪಕ್ಷದಲ್ಲಿ ಮರವನ್ನು ಕೆಡಹಬೇಕು. ಒಡನೆಯೇ ತೊಗಟೆ ಸುಲಿದು ಎರಡೆರಡು ಅಡಿಯ ತುಂಡುಗಳನ್ನಾಗಿ ಮಾಡಬೇಕು. ಅವುಗಳನ್ನು ಒಣನೆಲದಲ್ಲಿ ಎರಡು ತಿಂಗಳು ಹೂಳಿಡಬೇಕು. ಆ ಅವಧಿಯಲ್ಲಿ ಗೆದ್ದಲುಗಳು ಹೊರಗಣ ಬಿಳಿಮರವನ್ನೆಲ್ಲ ತಿಂದು, ಪರಿಮಳವಿರುವ ಚೇಗನ್ನು ಮುಟ್ಟದೆ ಬಿಡುತ್ತವೆ. ಆಮೇಲೆ ಅವುಗಳನ್ನು ಹೊರತೆಗೆದು, ನಯಮಾಡಿ, ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ, ಬಿಸಿಲು ಗಾಳಿ ಸೋಕದ ಉಗ್ರಾಣದಲ್ಲಿ ಕೆಲವು ತಿಂಗಳು ಇಟ್ಟು ಮಾರಬೇಕು. ದೊಡ್ಡ ತುಂಡುಗಳು ಚೀನಾದೇಶಕ್ಕೆ, ನಡುತರದವು ಈ ದೇಶದ ಬಳಕೆಗೆ, ಚಿಕ್ಕ ತುಂಡುಗಳೂ ಚಕ್ಕೆಗಳೂ ಅರಬ್ಬರ ಪೇಟೆಗೆ. ಹಿತ್ತಿಲಿನಲ್ಲಿ ಬೊಡ್ಡೆಯನ್ನು ತಿಂದು ಹಾಕುವ ಗೆದ್ದಲನ್ನು ಇಲ್ಲಿ ಕೂಲಿಯಿಲ್ಲದ ಬಡಗಿಯನ್ನಾಗಿ ದುಡಿಸಿಕೊಂಡ ನಮ್ಮ ಹಳ್ಳಿಗರ ಸೂಕ್ಷ್ಮದೃಷ್ಟಿಯು ಮೆಚ್ಚತಕ್ಕದ್ದು.

ಆದರೆ ನಮ್ಮ ವಿಷಯಕ್ಕೆ ಮುಖ್ಯವಾದುದು ಅದೇ ವರ್ಣನೆಯಲ್ಲಿ ಬರುವ ಇನ್ನೊಂದು ಮಾತು: ಬೇರಿಗೆ ಸಮೀಪವಾದಷ್ಟೂ ಪರಿಮಳವು ಹೆಚ್ಚಾದುದರಿಂದ, ಬುಡದ ಮಣ್ಣನ್ನು ಸರಿಸಿ ಎಷ್ಟು ಕೆಳಗೆ ಸಾಧ್ಯವೋ ಅಷ್ಟು ಕೆಳಗೆ ಕಡಿಯಬೇಕು, ಹಾಗೆ ದೊರೆತ ಬುಡದ ತುಂಡು ಬೇರುಗಂಧವೆಂದು ಪ್ರತ್ಯೇಕವಾಗಿ ಗಣ್ಯವಾಗುತ್ತದೆ. ಬೊಡ್ಡೆಯ ಬೆಲೆಯನ್ನು ಜನರು ಆಗಲೇ ಅರಿತಿದ್ದರು. ಆದರೆ ಮಣ್ಣನ್ನು ಸರಿಸಿ ಕಡಿಯುವಲ್ಲಿಗೆ ನಿಲ್ಲುತ್ತಿದ್ದರು. ಬೇರನ್ನು ಅದರ ಚೇಗು ಮುಗಿಯುವವರೆಗೂ ಹಿಂಬಾಲಿಸಿ ಸಮೂಲವಾಗಿ ಕೀಳುವ ವ್ಯವಸ್ಥಿತವಾದ ಕ್ರಮವು ನೆಲೆಗೊಂಡುದು ಹತ್ತೊಂಬತ್ತನೆಯ ಶತಮಾನದಲ್ಲಿ, ವಿಶೇಷವಾಗಿ 1864ರಲ್ಲಿ ಮೈಸೂರಿನ ಅರಣ್ಯ ಇಲಾಖೆಯು ರೂಪುಗೊಂಡ ಮೇಲೆ.

ಆ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ಏಕೆಂದರೆ ನಮ್ಮ ಸೀಮೆಯ ಕೂಲಿಕಾರರು ತಲೆಮಾರುಗಳ ಅಭ್ಯಾಸದಿಂದ ಗಳಿಸಿದ ಈ ಕೌಶಲವನ್ನು ಯಾವ ಪಂಡಿತನೂ ಶಾಸ್ತ್ರವೆಂದು ಪರಿಗಣಿಸಲಿಲ್ಲ. ಒಣಗಿದ ಮರಗಳನ್ನೂ ಬಲಿತ ಮರಗಳನ್ನೂ ಮೊದಲು ಗುರುತಿಸಿ ಸಂಖ್ಯೆ ಹಾಕುವರು. ಆಮೇಲೆ ಬುಡದ ಸುತ್ತ ಅಗಲವಾದ ಗುಂಡಿಯನ್ನು ತೆಗೆದು, ಪಿಕಾಸಿಯ ಏಟು ಬೇರಿಗೆ ತಗಲದಂತೆ ಮಣ್ಣನ್ನು ಸಡಿಲಿಸಿ, ಪಕ್ಕದ ಬೇರುಗಳನ್ನು ಒಂದೊಂದಾಗಿ ಬಯಲಿಗೆ ತರುವರು. ಗಂಧದ ಬೇರುಗಳು ಆಳಕ್ಕೆ ಇಳಿಯುವುದಕ್ಕಿಂತ ಹೆಚ್ಚಾಗಿ ನೆಲದ ಮೇಲ್ಪದರದಲ್ಲಿಯೇ ದೂರದೂರಕ್ಕೆ ಹರಡುವುದರಿಂದ, ಅಗೆಯುವವನು ಬುಡದಿಂದ ಬಹಳ ದೂರದವರೆಗೆ ಅವುಗಳ ಜಾಡನ್ನು ಹಿಡಿದು ಹೋಗಬೇಕಾಗುತ್ತದೆ. ಎಲ್ಲಿಯವರೆಗೆ ಬೇರಿನ ಒಳಗೆ ಕಂದುಬಣ್ಣದ ಚೇಗು ಕಾಣುವುದೋ ಅಲ್ಲಿಯವರೆಗೆ ಅದು ಸರಕು; ಕೊಯ್ದ ಮುಖವು ಬರಿ ಬಿಳುಪಾಗಿ ಕಂಡಲ್ಲಿ ಅದನ್ನು ಮಣ್ಣಿಗೆ ಬಿಡುವರು. ಪಕ್ಕದ ಬೇರುಗಳೆಲ್ಲ ಬಿಡುಗಡೆಯಾದ ಮೇಲೆ ಮರವನ್ನು ಒಂದು ಮಗ್ಗುಲಿಗೆ ವಾಲಿಸಿದರೆ, ಕಾಂಡದ ಉದ್ದವೂ ತಲೆಯ ಭಾರವೂ ಸನ್ನೆಗೋಲಿನ ಕೆಲಸವನ್ನು ಮಾಡಿ, ಬೊಡ್ಡೆಯು ತಾಯಿಬೇರಿನೊಡನೆ ನೆಲವನ್ನು ಬಿಟ್ಟು ಮೇಲೇಳುತ್ತದೆ. ಕಾಂಡವನ್ನು ಮೊದಲು ಕಡಿದು ಆಮೇಲೆ ಬೊಡ್ಡೆಗೆ ಕೈಹಾಕುವವನು ಈ ಸನ್ನೆಗೋಲನ್ನು ತಾನಾಗಿಯೇ ಕಳೆದುಕೊಂಡು ಇಮ್ಮಡಿ ಶ್ರಮವನ್ನು ಪಡುತ್ತಾನೆ. ಮಾವಿನದೇ ಆಗಲಿ ತೆಂಗಿನದೇ ಆಗಲಿ, ಬುಡಸಹಿತ ತೆಗೆಯಬೇಕಾದ ಯಾವ ತೋಟದ ಮರಕ್ಕೂ ಅನ್ವಯಿಸುವ ಈ ಪಾಠವನ್ನು ಗಂಧದ ಕೂಲಿಯವರು ಬಹು ಹಿಂದೆಯೇ ಕಲಿತಿದ್ದರು.

ಕೆಡವಿದ ಮರದ ತೊಗಟೆಯನ್ನೂ ಬಿಳಿಮರದ ಬಹುಭಾಗವನ್ನೂ ಸ್ಥಳದಲ್ಲಿಯೇ ಒರಟಾಗಿ ಕೆತ್ತಿ, ಪ್ರತಿಯೊಂದು ತುಂಡಿನ ಮೇಲೆಯೂ ಮೂಲಮರದ ಸಂಖ್ಯೆಯನ್ನು ಬರೆದು, ಗಾಡಿಗಳಲ್ಲಿ ಕೋಠಿಗೆ ಸಾಗಿಸುವರು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹಾಸನ, ಚಿಕ್ಕಮಗಳೂರು, ಹುಣಸೂರು, ಮೈಸೂರು, ಬೆಂಗಳೂರು ಮೊದಲಾದ ಕಡೆಗಳಲ್ಲಿ ಇಂತಹ ಗಂಧದ ಕೋಠಿಗಳಿದ್ದುವು. ಹಾಸನದಲ್ಲಿ ಆ ಹೆಸರು ಊರಿನ ಒಂದು ಭಾಗಕ್ಕೆ ಇಂದಿಗೂ ಅಂಟಿಕೊಂಡಿದೆ. ಕೋಠಿಯೊಳಗೆ ಬಾಚಿ ಹಿಡಿದ ಕುಶಲಿಗಳು ಉಳಿದ ಬಿಳಿಮರವನ್ನು ಎಳೆಯೆಳೆಯಾಗಿ ತೆಗೆದು, ಚೇಗಿನ ಒಂದು ಚೂರೂ ವ್ಯರ್ಥವಾಗದಂತೆ ಅಂಚುಗಳನ್ನು ತಿದ್ದುವರು. ಅನಂತರ ವಿಂಗಡಣೆ. ಹದಿನೆಂಟು ದರ್ಜೆಗಳು. ಒಂದು ಟನ್ನಿಗೆ 112ಕ್ಕಿಂತ ಹೆಚ್ಚು ತುಂಡುಗಳು ಹಿಡಿಯದಷ್ಟು ಭಾರವಾದ, ದೋಷರಹಿತವಾದ ದಿಮ್ಮಿಗಳು ‘ವಿಲಾಯತಿ ಬುಧ’; 224ನ್ನು ಮೀರದವು ‘ಚೀನಾ ಬುಧ’; 448ನ್ನು ಮೀರದವು ‘ಪಂಜಂ’. ಇವುಗಳ ಕೆಳಗೆ ಗಂಟುಳ್ಳವು, ಪೊಟರೆಯುಳ್ಳವು, ಮೋಟಾದವು, ದಪ್ಪ ಚಕ್ಕೆ, ಸಣ್ಣ ಚಕ್ಕೆ, ಬಾಚಿಯಿಂದ ಉದುರಿದ ಹುಡಿ, ಕಟ್ಟಕಡೆಗೆ ಗರಗಸದ ಪುಡಿ. ಬೇರುಗಳಿಗೆ ಬೇರೆಯೇ ಮೂರು ದರ್ಜೆಗಳು: ಹದಿನೈದು ಪೌಂಡಿಗೆ ಕಡಮೆಯಿಲ್ಲದ ಬೊಡ್ಡೆಯ ತುಂಡುಗಳು ಮೊದಲನೆಯದು, ಅದಕ್ಕಿಂತ ಹಗುರಾದವು ಎರಡನೆಯದು, ಪಕ್ಕದ ಸಣ್ಣ ಬೇರುಗಳು ಮೂರನೆಯದು. ನೆಲವನ್ನು ಗುಡಿಸಿ ಬಂದ ಧೂಳಿಗೂ ತೂಕವುಂಟು, ಲೆಕ್ಕವುಂಟು, ಹರಾಜಿನಲ್ಲಿ ಬೆಲೆಯುಂಟು. ನಿರುಪಯುಕ್ತವೆಂದು ಎಸೆಯತಕ್ಕ ಭಾಗವೇ ಇಲ್ಲದಂತೆ ಒಂದು ಮರದ ವಿಲೇವಾರಿಯನ್ನು ಇಷ್ಟು ಸಮಗ್ರವಾಗಿ ಯೋಚಿಸಿದ ಈ ಪದ್ಧತಿಯು ನಮ್ಮ ನಾಡಿನ ಆಡಳಿತಬುದ್ಧಿಯ ಒಂದು ಶ್ರೇಷ್ಠವಾದ ನಿದರ್ಶನವೆಂದು ನಾನು ಭಾವಿಸುತ್ತೇನೆ.

ಇಲ್ಲಿಂದ ಹೊರಟ ಉತ್ತಮ ದಿಮ್ಮಿಗಳು ಸೊರಬ, ಸಾಗರ, ಶಿರಸಿ, ಕುಮಟೆಗಳ ಗುಡಿಗಾರರ ಉಳಿಗೆ ಸಿಕ್ಕಿ ದೇವತಾಮೂರ್ತಿಗಳೂ ಪೆಟ್ಟಿಗೆಗಳೂ ಆಗುತ್ತಿದ್ದುವು. ಬೇರಿನ ತುಂಡುಗಳು ವಕ್ರವಾಗಿಯೂ ಗಂಟುಗಂಟಾಗಿಯೂ ಇರುವುದರಿಂದ ಕೆತ್ತನೆಗೆ ಒದಗುವುದು ಕಡಮೆ. ಅವುಗಳ ಗತಿ ಬಹುಮಟ್ಟಿಗೆ ಭಟ್ಟಿಯ ಕಡೆಗೆ, ಅಥವಾ ಪೂಜಾಗೃಹದ ಸಾಣೆಕಲ್ಲಿನ ಕಡೆಗೆ. ದೇವರಿಗೆ ಗಂಧವನ್ನು ತೇಯುವ ಹಿರಿಯರು ಬೇರಿನ ಕೊರಡನ್ನು ಆಯ್ದು ತರಿಸಿಕೊಳ್ಳುತ್ತಿದ್ದುದೂ, ಒಂದೇ ಕೊರಡು ತಂದೆಯಿಂದ ಮಗನಿಗೆ ಸವೆಯುತ್ತ ಬರುತ್ತಿದ್ದುದೂ, ಮನೆಯ ಹಿರಿಯರ ಚಿತೆಗೆ ಅದರಿಂದಲೇ ಒಂದು ಚಕ್ಕೆಯನ್ನು ಸೀಳಿ ಇಡುತ್ತಿದ್ದುದೂ ನಮ್ಮ ಕಡೆಯ ಅನೇಕ ಮನೆತನಗಳಲ್ಲಿ ನಡೆದುಬಂದ ಸಂಗತಿಗಳು.

ಹತ್ತೊಂಬತ್ತನೆಯ ಶತಮಾನವು ಮುಗಿಯುತ್ತಿದ್ದಂತೆ ಈ ಬೇರು ಕೀಳುವ ವಿದ್ಯೆಯು ಅತ್ಯಂತ ದುಃಖಕರವಾದ ಕಾರ್ಯವೊಂದಕ್ಕೆ ಉಪಯೋಗವಾಗಬೇಕಾಯಿತು. 1899ರಲ್ಲಿ ಕೊಡಗಿನ ಗಂಧದ ಮರಗಳಲ್ಲಿ ಒಂದು ವಿಚಿತ್ರ ರೋಗವು ಕಂಡುಬಂದಿತು. ಎಲೆಗಳು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ, ಗಿಣ್ಣುಗಳು ಹತ್ತಿರವಾಗುತ್ತ, ಕೊನೆಗೆ ರೆಂಬೆಗಳು ಮುಳ್ಳುಗಳಂತೆ ಸೆಟೆದು ನಿಲ್ಲುವುವು. ಮರವು ಹೂಬಿಡುವುದನ್ನೂ ಕಾಯಿಕಟ್ಟುವುದನ್ನೂ ನಿಲ್ಲಿಸಿ ಕೆಲವೇ ವರ್ಷಗಳಲ್ಲಿ ಒಣಗುವುದು. ಸ್ಪೈಕ್ ಎಂದು ಹೆಸರಾದ ಈ ರೋಗಕ್ಕೆ ಔಷಧವು ತಿಳಿಯದಿದ್ದುದರಿಂದ, ರೋಗಿಯನ್ನೇ ನಿರ್ಮೂಲಮಾಡಿ ನೆರೆಯವರನ್ನು ಉಳಿಸುವ ಮಾರ್ಗವನ್ನು ಸರಕಾರಗಳು ಹಿಡಿದುವು. 1903ರಿಂದ 1916ರವರೆಗಿನ ಅವಧಿಯಲ್ಲಿ ಕೊಡಗು ಮೈಸೂರುಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮರಗಳನ್ನು ತೆಗೆದುಹಾಕಲಾಯಿತು. 1907ರಲ್ಲಿ ಮೈಸೂರಿನ ಮಹಾರಾಜರು ಪರಿಹಾರವನ್ನು ಕಂಡುಹಿಡಿದವರಿಗೆ ಹತ್ತು ಸಾವಿರ ರೂಪಾಯಿಗಳ ಬಹುಮಾನವನ್ನು ಘೋಷಿಸಿದರು. ಮೈಸೂರಿನ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್‌ಮನ್ನನು ರೋಗಿಷ್ಠ ಮರದ ಕಣ್ಣನ್ನು ಆರೋಗ್ಯವಂತ ಮರಕ್ಕೆ ಕಸಿಮಾಡಿದರೆ ರೋಗವು ಹರಡುವುದೆಂದು 1917ರ ವೇಳೆಗೆ ತೋರಿಸಿಕೊಟ್ಟನು. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಎಂ. ಶ್ರೀನಿವಾಸಯ್ಯನವರು ವರ್ಷಗಟ್ಟಲೆ ಇದರ ಬೆನ್ನು ಹತ್ತಿದರು. ಕೊನೆಗೆ 1969ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ, ಮರದ ಅನ್ನವಾಹಿನಿಗಳೊಳಗೆ ವಾಸಿಸುವ ಅತಿಸೂಕ್ಷ್ಮಜೀವಿಯೇ ಇದಕ್ಕೆ ಕಾರಣವೆಂಬುದು ಬಯಲಾಯಿತು. ಅದನ್ನು ಮರದಿಂದ ಮರಕ್ಕೆ ಒಯ್ಯುವುದು ರಸಹೀರುವ ಕೀಟ. ಹತ್ತು ಲಕ್ಷ ಗುಂಡಿಗಳನ್ನು ತೋಡಿದ ಆ ಹದಿಮೂರು ವರ್ಷಗಳಲ್ಲಿ ಈ ತಿಳಿವಳಿಕೆ ಇನ್ನೂ ಹುಟ್ಟಿರಲಿಲ್ಲವೆಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ಅದೇ ಕಾಲದಲ್ಲಿ ಮೊದಲನೆಯ ಮಹಾಯುದ್ಧವು ಬಂದಿತು. ಮೈಸೂರಿನ ಗಂಧಕ್ಕೆ ದೊಡ್ಡ ಗಿರಾಕಿಯಾಗಿದ್ದ ಜರ್ಮನಿಯ ದಾರಿಯು ಮುಚ್ಚಿ, ಕೋಠಿಗಳಲ್ಲಿ ಸರಕು ರಾಶಿಬಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಆಲ್ಫ್ರೆಡ್ ಚಾಟರ್ಟನ್ನನ ಮುಂದಾಳುತನದಿಂದಲೂ ವಿಜ್ಞಾನ ಮಂದಿರದ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನಜ್ಞರ ಪ್ರಯೋಗಗಳಿಂದಲೂ, 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳು ಆರಂಭವಾದುವು; 1944ರಲ್ಲಿ ಶಿವಮೊಗ್ಗೆಯಲ್ಲಿ ಇನ್ನೊಂದಾಯಿತು. ಇವುಗಳಿಂದ ಬೊಡ್ಡೆಯ ಮಾನ್ಯತೆ ಮತ್ತಷ್ಟು ಹೆಚ್ಚಿತೆಂದು ಬೇರೆ ಹೇಳಬೇಕಾಗಿಲ್ಲ. ಭಟ್ಟಿಗೆ ಬೇಕಾದುದು ಆಕಾರವಲ್ಲ, ತೈಲ. ಎಣ್ಣೆ ತೆಗೆದು ಉಳಿದ ಹಿಪ್ಪೆಯೂ ಊದುಬತ್ತಿಯವರಿಗೆ ಮಾರಾಟವಾಗಿ ಮನೆಮನೆಗಳ ದೇವರ ಮುಂದೆ ಉರಿಯಿತು.

ಇಷ್ಟೆಲ್ಲ ವೈಭವದ ನಡುವೆ, ಯಾರ ಹಿತ್ತಿಲಿನಲ್ಲಿ ಆ ಮರವು ಬೆಳೆಯಿತೋ ಆ ಗೃಹಸ್ಥನ ಸ್ಥಿತಿ ಏನಾಗಿದ್ದಿತೆಂದು ಕೇಳಬೇಕು. ಈ ಚರಿತ್ರೆಯಲ್ಲಿ ನನ್ನನ್ನು ಅತ್ಯಂತ ಕಾಡುವ ಪ್ರಶ್ನೆ ಇದೇ. ಮರವು ಅವನ ಮಣ್ಣಿನಲ್ಲಿ ನಿಂತಿದ್ದಿತು, ಅವನ ಹೊಂಗೆಯ ಬೇರಿನಿಂದ ರಸವನ್ನು ಹೀರಿದ್ದಿತು, ಅವನ ಬೇಲಿಯ ಮರೆಯಲ್ಲಿ ದನಕುರಿಗಳ ಬಾಯಿಂದ ಪಾರಾಗಿದ್ದಿತು. ಆದರೆ ಅದು ಅವನದಾಗಿರಲಿಲ್ಲ. ಅದನ್ನು ಅವನು ಕಡಿಯುವಂತಿರಲಿಲ್ಲ. ಒಣಗಿದರೆ ಇಲಾಖೆಗೆ ತಿಳಿಸಬೇಕಾಗಿದ್ದಿತು. ಕಳುವಾದರೆ ಮೊದಲ ಸಂದೇಹವು ಅವನ ಮೇಲೆಯೇ ಬೀಳುತ್ತಿದ್ದಿತು. ಇಲಾಖೆಯ ಆಳುಗಳು ಬಂದು, ಅಂಗಳದಲ್ಲಿಯೋ ತೋಟದಲ್ಲಿಯೋ ಅಗಲವಾದ ಗುಂಡಿಯನ್ನು ತೋಡಿ, ಬೇರುಗಳ ಜಾಡು ಹಿಡಿದು ಬಾಳೆ ಮಲ್ಲಿಗೆಗಳ ಪಾತಿಗಳನ್ನು ಕದಡಿ, ಮರವನ್ನು ಸಮೂಲವಾಗಿ ಒಯ್ದ ಮೇಲೆ ಅವನಿಗೆ ಉಳಿಯುತ್ತಿದ್ದುದು ಮುಚ್ಚಬೇಕಾದ ಒಂದು ಹಳ್ಳ ಮತ್ತು ಸರಕಾರವು ದಯಪಾಲಿಸುವ ಬೆಲೆಯ ಒಂದಂಶ. ಇದರ ಪರಿಣಾಮವು ಊಹಿಸಬಹುದಾದುದೇ. ಹಕ್ಕಿಯು ಉದುರಿಸಿದ ಬೀಜದಿಂದ ಬೇಲಿಯಲ್ಲಿ ಗಂಧದ ಎಳೆಯ ಸಸಿಯು ತಲೆಯೆತ್ತಿದರೆ, ಅದು ಗೇಣುದ್ದವಾಗುವ ಮೊದಲೇ ಕಿತ್ತೆಸೆಯುವುದೇ ಕ್ಷೇಮವೆಂದು ಬಗೆದ ರೈತರು ಹಲವರು. ಮರಕ್ಕೆ ಶಾಸನವು ರಾಜನೆಂದು ಪಟ್ಟ ಕಟ್ಟಿದ ನಾಡಿನಲ್ಲಿಯೇ ಅದರ ಶಿಶುಗಳು ಹಿತ್ತಿಲುಗಳಲ್ಲಿ ಸದ್ದಿಲ್ಲದೆ ಸತ್ತುವು.

ಅತ್ತ ಕಾಡಿನಲ್ಲಿ ಕಳ್ಳತನವು ಬೆಳೆಯಿತು. ಕಳ್ಳನಿಗೆ ಬೇರಿನ ಜಾಡು ಹಿಡಿಯುವ ವ್ಯವಧಾನವಿಲ್ಲ; ಅವನು ಕತ್ತಲಿನಲ್ಲಿ ಬಂದು, ಕಾಂಡಕ್ಕೆ ಬೈರಿಗೆಯಿಂದ ತೂತು ಕೊರೆದು ಚೇಗು ಕಟ್ಟಿದೆಯೇ ಎಂದು ನೋಡಿ, ಕೈಗರಗಸದಿಂದ ನೆಲಕ್ಕೆ ಒಂದೆರಡು ಗೇಣು ಮೇಲೆ ಕೊಯ್ದು, ದಿಮ್ಮಿಯನ್ನು ಹೊತ್ತು ಹೋಗುತ್ತಾನೆ. ಮಲೆ ಮಹದೇಶ್ವರ ಬೆಟ್ಟ ಸತ್ಯಮಂಗಲಗಳ ಕಾಡುಗಳಲ್ಲಿ ವೀರಪ್ಪನ್ ಎಂಬವನು 2004ರಲ್ಲಿ ಹತನಾಗುವವರೆಗೂ ನಡೆಸಿದ ಲೂಟಿಯೂ ರಕ್ತಪಾತವೂ ಎಲ್ಲರಿಗೂ ತಿಳಿದುದೇ. ಬೆಂಗಳೂರಿನ ಉದ್ಯಾನಗಳಲ್ಲಿಯೂ ಹಳೆಯ ಬಂಗಲೆಗಳ ಆವರಣಗಳಲ್ಲಿಯೂ ಬೆಳಗಾಗುವಷ್ಟರಲ್ಲಿ ಮರವು ಮಾಯವಾಗಿ ಬೊಡ್ಡೆಯು ಉಳಿದಿರುವ ಸುದ್ದಿಯನ್ನು ಇಂದಿಗೂ ಪತ್ರಿಕೆಗಳಲ್ಲಿ ಓದುತ್ತಿದ್ದೇವೆ. ಹಾಗೆ ಉಳಿದ ಬೊಡ್ಡೆಯೂ ಸರಕೇ ಆದುದರಿಂದ, ಅದನ್ನು ಅಗೆದು ಒಯ್ಯಲು ಮತ್ತೊಬ್ಬ ಕಳ್ಳನು ಬರುವ ಮುನ್ನ ಇಲಾಖೆಯವರು ಬರಬೇಕಾಗುತ್ತದೆ.

1930ರಿಂದ 1950ರ ದಶಕದವರೆಗೆ ದೇಶದಲ್ಲಿ ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಟನ್ನುಗಳಷ್ಟಿದ್ದ ಗಂಧದ ಉತ್ಪತ್ತಿಯು ಶತಮಾನದ ಅಂತ್ಯದ ವೇಳೆಗೆ ಅದರ ಅರ್ಧಕ್ಕೋ ಅದಕ್ಕೂ ಕೆಳಕ್ಕೋ ಇಳಿಯಿತು. 1998ರಲ್ಲಿ ಈ ವೃಕ್ಷವನ್ನು ಅಪಾಯದ ಅಂಚಿನಲ್ಲಿರುವ ಜಾತಿಗಳ ಪಟ್ಟಿಗೆ ಸೇರಿಸಲಾಯಿತು. ಇದರ ದೋಷವನ್ನು ರೋಗದ ಮೇಲೂ ಕಳ್ಳರ ಮೇಲೂ ಹೊರಿಸುವುದು ಸುಲಭ, ಅದರಲ್ಲಿ ಸತ್ಯವೂ ಇದೆ. ಆದರೆ ಮೂಲಕಾರಣವು ಇನ್ನೂ ಆಳದಲ್ಲಿದೆಯೆಂದು ನನಗೆ ತೋರುತ್ತದೆ. ಗಂಧದ ಬೊಡ್ಡೆಯನ್ನು ಮಣ್ಣಿನಿಂದ ತೆಗೆಯುವ ವಿದ್ಯೆಯಲ್ಲಿ ನಮ್ಮ ರಾಜ್ಯವು ಎರಡು ಶತಮಾನಗಳ ಕಾಲ ಅಸಾಧಾರಣವಾದ ನಿಷ್ಣಾತತೆಯನ್ನು ಸಂಪಾದಿಸಿತು. ಗಂಧದ ಬೀಜವನ್ನು ಮಣ್ಣಿಗೆ ಹಾಕುವ ಬಯಕೆಯನ್ನು ಮಾತ್ರ ತನ್ನ ಪ್ರಜೆಗಳಲ್ಲಿ ಹುಟ್ಟಿಸಲಿಲ್ಲ. ಹುಟ್ಟಿಸಲಿಲ್ಲವೆಂಬುದಷ್ಟೇ ಅಲ್ಲ, ಇದ್ದ ಬಯಕೆಯನ್ನೂ ಅಳಿಸಿತು. ತನ್ನದಲ್ಲದ ಮರಕ್ಕೆ ನೀರೆರೆಯುವ ಔದಾರ್ಯವನ್ನು ಬಡ ಒಕ್ಕಲಿಗನಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಹದಿನೆಂಟು ದರ್ಜೆಗಳ ವಿಂಗಡಣೆಯನ್ನು ಯೋಚಿಸಿದ ಬುದ್ಧಿಯು ಈ ಸರಳವಾದ ಮಾತನ್ನು ಕಾಣದೆ ಹೋದುದು ವಿಷಾದಕರ.

1963ರ ಕರ್ನಾಟಕ ಅರಣ್ಯ ಅಧಿನಿಯಮಕ್ಕೆ 2001ರಲ್ಲಿ ತಂದ ತಿದ್ದುಪಡಿಯು ಕೊನೆಗೂ ಈ ಅನ್ಯಾಯವನ್ನು ಸರಿಪಡಿಸಿತು. ಈಗ ಭೂಮಿಯನ್ನು ಹೊಂದಿರುವವನೇ ಅದರಲ್ಲಿರುವ ಗಂಧದ ಮರಗಳ ಒಡೆಯ. ಮರವನ್ನು ತೆಗೆಯುವುದಕ್ಕೆ ಅರಣ್ಯ ಇಲಾಖೆಯ ಅನುಮತಿಯು ಬೇಕೆಂಬುದು ನಿಜ. ಆದರೂ ಸ್ವಾಮ್ಯವು ಬದಲಾಯಿತು, ಅದರೊಡನೆ ಜನರ ಮನಸ್ಸೂ ಬದಲಾಗತೊಡಗಿದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ, 1938ರಲ್ಲಿ ಮೈಸೂರು ಸಂಸ್ಥಾನವು ಸ್ಥಾಪಿಸಿದ ಅರಣ್ಯ ಸಂಶೋಧನಾಲಯದ ಪರಂಪರೆಯನ್ನು ಮುಂದುವರಿಸುತ್ತಿರುವ ಮರವಿಜ್ಞಾನ ಸಂಸ್ಥೆಯು ಗಂಧವನ್ನು ಯಾವ ಆಶ್ರಯಸಸ್ಯದ ಜೊತೆಗೆ ಹೇಗೆ ನೆಡಬೇಕೆಂಬುದನ್ನು ಕೃಷಿಕರಿಗೆ ಕಲಿಸುತ್ತಿದೆ. ತೊಗರಿಯ ನೆರಳಿನಲ್ಲಿ, ಗಾಳಿಮರದ ಜೊತೆಯಲ್ಲಿ, ಮಾವು ನೆಲ್ಲಿಗಳ ಸಾಲಿನ ನಡುವೆ ಗಂಧವು ಈಗ ನಮ್ಮ ಬಯಲುಸೀಮೆಯ ತೋಟಗಳನ್ನು ಪ್ರವೇಶಿಸಿದೆ.

ಹೀಗೆ ನೆಟ್ಟವರಿಗೂ, ಹಿತ್ತಿಲಿನಲ್ಲಿ ತಾನಾಗಿ ಬೆಳೆದ ಹಳೆಯ ಮರವೊಂದನ್ನು ಉಳಿಸಿಕೊಂಡು ಬಂದವರಿಗೂ ನನ್ನದೊಂದು ವಿಜ್ಞಾಪನೆ ಇದೆ. ಮರವನ್ನು ತೆಗೆಯುವ ದಿನವು ಬಂದಾಗ, ಅನುಮತಿಯನ್ನು ಪಡೆದು, ಬುಡಕ್ಕೆ ಗರಗಸವಿಡುವವರನ್ನು ದೂರವಿಟ್ಟು, ಹಳೆಯ ಕ್ರಮದಲ್ಲಿ ಮಣ್ಣು ಬಿಡಿಸಬಲ್ಲ ಕೈಗಳನ್ನು ಹುಡುಕಿ ಕರೆಸಿರಿ. ಅಂತಹವರು ಹುಣಸೂರು ತೀರ್ಥಹಳ್ಳಿಗಳ ಕಡೆಯ ಹಳ್ಳಿಗಳಲ್ಲಿ ಇನ್ನೂ ಇದ್ದಾರು. ಚೇಗಿರುವ ಬೇರನ್ನೆಲ್ಲ ತೆಗೆಸಿಕೊಳ್ಳಿರಿ. ಆದರೆ ಅದರಾಚೆಯ ಬಿಳಿಯ ಎಳೆಬೇರುಗಳನ್ನು ಕೆದಕಿ ಕಿತ್ತು ನೆಲವನ್ನು ಶುದ್ಧಗೊಳಿಸುವ ಆತುರವನ್ನು ಮಾಡಬೇಡಿರಿ. ತುಂಡಾದ ಆ ಬೇರುಗಳ ತುದಿಯಿಂದ ಹೊಸ ಚಿಗುರುಗಳು ಏ‍ಳುವುದು ಗಂಧದ ಸ್ವಭಾವ. ಗುಂಡಿಯನ್ನು ಮೇಲ್ಮಣ್ಣಿನಿಂದ ಮುಚ್ಚಿ, ಪಕ್ಕದಲ್ಲಿ ಒಂದು ತೊಗರಿಯನ್ನೋ ಹೊಂಗೆಯನ್ನೋ ನೆಟ್ಟು, ಎದ್ದ ಚಿಗುರುಗಳಲ್ಲಿ ನೆಟ್ಟಗಿರುವುದೊಂದಕ್ಕೆ ಆಡುಕುರಿಗಳು ಬಾಯಿಹಾಕದಂತೆ ಬೇಲಿ ಕಟ್ಟಿರಿ.